ಸುಗರಾಬಿಯ ಸಂಚಿಯಲ್ಲಿದ್ದ ಗುಳಿಗೆ

ಬ್ಯಾಡಗಿಯಲ್ಲಿ ಮೂವತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡು ಕುಳಿತವನು ನಾನು. ಹೆಸರು ವಿಜಯಮಹಾಂತೇಶ. ಅಷ್ಟುದ್ದ ಕರೆಯಲು ಈ ಊರಿನಲ್ಲಿ ಯಾರಿಗೂ ಪುರಸೊತ್ತಿಲ್ಲ, ವಿಜಯಪ್ಪ ಅನ್ನುತ್ತಾರೆ. ಜನರ ಮುಖಕ್ಕಿಂತ ಅವರ ಹೊಟ್ಟೆ, ಸೊಂಟ, ಸಕ್ಕರೆ, ಬಿಪಿ ನನಗೆ ಹೆಚ್ಚು ಪರಿಚಯ. ಬರೆಯಲು ಕುಳಿತಾಗ ನನ್ನ ಬಗ್ಗೆಯೇ ಬರೆಯಬಹುದಿತ್ತು, ಆದರೆ ಬರೆಯುವಂಥದ್ದು ಏನೂ ಸಿಗಲಿಲ್ಲ. ಅದಕ್ಕೇ ಸುಗರಾಬಿಯ ಬಗ್ಗೆ ಬರೆಯುತ್ತಿದ್ದೇನೆ. ಅವಳ ಎದುರು ತಲೆ ಎತ್ತಿ ನಿಲ್ಲಲು ನನಗೆ ಇವತ್ತಿಗೂ ಆಗುವುದಿಲ್ಲ. ಯಾಕೆ ಎಂಬುದನ್ನೂ ಹೇಳುತ್ತೇನೆ.

ಸುಗರಾಬಿ ಕರ್ಜಗಿಯ ಮಗಳು, ಬ್ಯಾಡಗಿಯ ಸೊಸೆ. ಗಂಡ ಇಸಾಕಸಾಬ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ. ಎಂಟು ವರ್ಷದ ಹಿಂದೆ ತೀರಿಕೊಂಡ. ಅವನು ಇದ್ದಾಗಲೂ ಹೋದ ಮೇಲೂ ಅವಳು ನನ್ನ ಅಂಗಡಿಯ ಎದುರಿನ ಶೆಡ್ಡಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಬಂದಿದ್ದಾಳೆ. ಸುಗ್ಗಿಯ ನಾಲ್ಕೈದು ತಿಂಗಳು ಆ ಶೆಡ್ಡಿನಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದ ಅರವತ್ತು ಎಪ್ಪತ್ತು ಹೆಂಗಸರು ರಾಶಿಯ ಸುತ್ತ ಕೂರುತ್ತಾರೆ. ಹೊರಗಿನವರು ಒಳಗೆ ಕಾಲಿಟ್ಟರೆ ಸೀನಿ ಸೀನಿ ಓಡಿಹೋಗಬೇಕು. ಇವರಿಗೆ ಮಾತ್ರ ಏನೂ ಆಗುವುದಿಲ್ಲ. ಅಲ್ಲಿ ಎಲ್ಲವೂ ಕೆಂಪು. ಉಗುರು ಕೆಂಪು, ಸೆರಗು ಕೆಂಪು, ಮೂಗು ಒರೆಸಿದ ಅರಿವೆ ಕೆಂಪು, ಎಲೆ ತಿಂದು ಉಗುಳಿದ್ದಂತೂ ಕೆಂಪೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುಗರಾಬಿಯ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನನ್ನನ್ನೂ ಬಿಟ್ಟವಳಲ್ಲ. “ವಿಜಯಪ್ಪಾರ, ನಿಮ್ಮ ಔಷಧಾ ಯಾಕ ಬೇಕ್ರಿ, ಮುಂಜಾನೆದ್ದು ನಿಮ್ಮ ಸಿಟ್ಟಿನ ಮಾರಿ ನೋಡಿದ್ರ ಸಾಕು, ಜಡ್ಡು ತಾನ ಓಡಿಹೋಗತೈತಿ” ಎಂದು ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದಳು. ನಾನು ಮುಖ ಗಂಟು ಹಾಕಿಕೊಳ್ಳುತ್ತಿದ್ದೆ. ಒಳಗೊಳಗೇ ನಗು ಬರುತ್ತಿತ್ತು.

ಅವಳ ಸೊಂಟದಲ್ಲಿ ಯಾವಾಗಲೂ ಒಂದು ಬಟ್ಟೆಯ ಸಂಚಿ ಇರುತ್ತಿತ್ತು. ನಮ್ಮ ಕಡೆಯ ಹೆಂಗಸರ ಸಂಚಿ ಎಂದರೆ ಒಂದು ಕಿಸೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ. ಸುಗರಾಬಿಯ ಸಂಚಿಗೆ ನಾಲ್ಕನೆಯ ಕಿಸೆಯೊಂದಿತ್ತು. ಅದರಲ್ಲಿ ನೋವಿನ ಗುಳಿಗೆ. ಇಸಾಕಸಾಬನ ಬೆನ್ನುನೋವಿಗೆಂದು ನನ್ನಿಂದ ಒಯ್ಯಲು ಶುರುಮಾಡಿದ್ದು, ಅವನು ಹೋದ ಮೇಲೂ ನಿಲ್ಲಲಿಲ್ಲ. ದಿನವಿಡೀ ನೆಲದ ಮೇಲೆ ಬಗ್ಗಿ ಕೂತವರಿಗೆ ಸೊಂಟ ಹಿಡಿಯದೆ ಇರುತ್ತದೆಯೇ? ನಾಲ್ಕು ಗಂಟೆಗೆ ಶೆಡ್ಡಿಗೆ ಚಹಾ ಬಂದ ಕೂಡಲೇ ಸುಗರಾಬಿ ಸಂಚಿ ಬಿಚ್ಚುವಳು.

“ಯಾರ ಸೊಂಟ ಕೂಗಾಕತ್ತೈತ್ರವಾ? ಬಶಿ ಹಿಡೀರಿ!”

ಖಾರದ ಕೈಯಿಂದ ಗುಳಿಗೆ ಬಾಯಿಗೆ ಹಾಕಿಕೊಂಡರೆ ನಾಲಿಗೆ ಉರಿಯುತ್ತದೆ. ಅದಕ್ಕೆ ಹೆಂಗಸರು ಚಹಾದ ಬಶಿ, ಅಂದರೆ ಸಾಸರು, ಮುಂದೆ ಹಿಡಿಯುತ್ತಿದ್ದರು, ಇವಳು ಪಟ್ಟಿಯ ಕಾಗದ ಒತ್ತಿ ಗುಳಿಗೆಯನ್ನು ನೇರ ಬಶಿಯೊಳಗೆ ಬೀಳಿಸುತ್ತಿದ್ದಳು. ಒಂದು ಗುಟುಕಿಗೆ ಎರಡೂ ಒಳಗೆ. ಅದಕ್ಕೆ ಅಲ್ಲಿ ಯಾರೂ ಔಷಧ ಅನ್ನುತ್ತಿರಲಿಲ್ಲ, ಚಹಾದ ಗುಳಿಗೆ ಅನ್ನುತ್ತಿದ್ದರು. ಸುಗರಾಬಿಗೆ ಡಾಕ್ಟರಮ್ಮ ಎಂಬ ಅಡ್ಡಹೆಸರು ಬಿತ್ತು. ಅವಳಿಗೆ ಅದು ಖುಷಿಯೇ.

ಆ ಗುಳಿಗೆ ಕೊಡುತ್ತಿದ್ದವನು ನಾನು. ಚೀಟಿ ಇಲ್ಲದೆ ಕೊಡುವಂತಿಲ್ಲ. ಒಬ್ಬ ಹೆಂಗಸಿನ ಸೊಂಟಕ್ಕೆ ವಾರಕ್ಕೆ ಐವತ್ತು ಗುಳಿಗೆ ಬೇಕಾಗುವುದಿಲ್ಲ ಎಂದು ತಿಳಿಯಲು ಔಷಧಶಾಸ್ತ್ರ ಓದಬೇಕಾಗಿಲ್ಲ. ನಾನು ಓದಿದ್ದೆ, ಆದರೂ ಕೊಡುತ್ತಿದ್ದೆ.

ಅದೇ ಶೆಡ್ಡಿಗೆ ಕಾಗಿನೆಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು ನೀಲಗಂಗವ್ವ. ನಲವತ್ತರ ಮೇಲಿನ ಹೆಂಗಸು, ಮಾತು ಕಡಿಮೆ. ಚಿಕ್ಕವಳಿದ್ದಾಗ ಬಂದ ಜ್ವರದಿಂದ ಅವಳ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂದು ರಕ್ತ ತೆಳುವಾಗುವ ಗುಳಿಗೆ ಕೊಟ್ಟಿದ್ದರು, ವಾರ್ಫರಿನ್. ಅದನ್ನು ಜೀವ ಇರುವ ತನಕ ದಿನಾ ತಿನ್ನಬೇಕು, ಮತ್ತು ತಿಂಗಳಿಗೊಮ್ಮೆ ರಾಣೆಬೆನ್ನೂರಿಗೆ ಹೋಗಿ ರಕ್ತ ಎಷ್ಟು ತೆಳುವಾಗಿದೆ ಎಂದು ಪರೀಕ್ಷೆ ಮಾಡಿಸಬೇಕು. ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಎಲ್ಲಿಂದಲಾದರೂ ರಕ್ತ ಹರಿಯುತ್ತದೆ. ಸುಗ್ಗಿಯಲ್ಲಿ ಒಂದು ದಿನ ಕೆಲಸ ತಪ್ಪಿಸಿದರೆ ರಾಶಿಯ ಪಕ್ಕದ ಜಾಗ ಇನ್ನೊಬ್ಬರ ಪಾಲು. ಹೀಗಾಗಿ ಆ ವರ್ಷ ಅವಳು ಎರಡು ತಿಂಗಳು ರಾಣೆಬೆನ್ನೂರಿಗೆ ಹೋಗಿರಲಿಲ್ಲ.

ಆ ಗುಳಿಗೆಯನ್ನೂ ಅವಳು ಒಯ್ಯುತ್ತಿದ್ದದ್ದು ನನ್ನ ಅಂಗಡಿಯಿಂದಲೇ. ಮೊದಲ ದಿನವೇ ಕೈ ಮುಗಿದು ಹೇಳಿದ್ದಳು: “ಶೆಡ್ಡಿನ್ಯಾಗ ಯಾರಿಗೂ ಹೇಳಬ್ಯಾಡ್ರಿ. ಹಾರ್ಟ್ ಆಪರೇಶನ್ ಆದಾಕಿ ಅಂತ ಗೊತ್ತಾದ್ರ ಮೇಸ್ತ್ರಿ ಒಳಗ ಬಿಟ್ಟುಕೊಳ್ಳಂಗಿಲ್ಲ.” ನಾನು ಯಾರಿಗೂ ಹೇಳಲಿಲ್ಲ. ಲೋಹದ ಕವಾಟ ಬಡಿದುಕೊಳ್ಳುವ ಸದ್ದು ಹತ್ತಿರ ಕುಳಿತವರಿಗೆ ಸಣ್ಣಗೆ ಕೇಳುತ್ತದೆ. ಒಮ್ಮೆ ಸುಗರಾಬಿ, “ಯಕ್ಕಾ, ಗಡಿಯಾರ ಎಲ್ಲಿ ಮುಚ್ಚಿಟ್ಟಿ?” ಎಂದು ಕೇಳಿದಳಂತೆ. ನೀಲಗಂಗವ್ವ ಏನೋ ಹೇಳಿ ಹಾರಿಸಿದಳು. ಇಡೀ ಶೆಡ್ಡಿಗೆ ಗೊತ್ತಿಲ್ಲದ ಸಂಗತಿ ನನಗೊಬ್ಬನಿಗೆ ಗೊತ್ತಿತ್ತು.

ಫೆಬ್ರುವರಿ ತಿಂಗಳ ಒಂದು ಮುಂಜಾನೆ. ಅಂಗಡಿಯ ಮುಂದೆ ಏಳೆಂಟು ಜನ ನಿಂತಿದ್ದರು. ಸುಗರಾಬಿ ಅವರ ಹೆಗಲ ಮೇಲಿಂದ ಕೈ ಚಾಚಿ ಹೇಳಿದಳು, “ವಿಜಯಪ್ಪಾರ, ಈ ವಾರ ಒಂದು ಪಟ್ಟಿ ಹೆಚ್ಚಿಗಿ ಕೊಡ್ರಿ. ನಮ್ಮ ಕಾಗಿನೆಲಿ ನೀಲಗಂಗವ್ವಗೂ ಸೊಂಟ ಹಿಡದೈತಿ. ಪಾಪ, ಬ್ಯಾಡ ಬ್ಯಾಡ ಅಂತಾಳ, ನಾನ ಜುಲುಮಿ ಮಾಡಿ ಕೊಡಾಕತ್ತೇನಿ.”

ಗಲಾಟೆಯಲ್ಲಿ ಕೇಳಿಸಲಿಲ್ಲ ಎಂದು ಬಹಳ ದಿನ ನಾನು ನನಗೇ ಹೇಳಿಕೊಂಡೆ. ಸುಳ್ಳು. ಕೇಳಿಸಿತ್ತು. ವಾರ್ಫರಿನ್ ತಿನ್ನುವವರಿಗೆ ಈ ಗುಳಿಗೆ ಕೊಡಬಾರದು ಎಂದು ಡಬ್ಬದೊಳಗೆ ಇಟ್ಟ ಕೈ ಒಂದು ಕ್ಷಣ ನಿಂತಿತು ಕೂಡ. ಅಷ್ಟರಲ್ಲಿ ಯಾರೋ, “ಲಗೂ ಮಾಡ್ರಿ, ಬಸ್ ಹೋಗತೈತಿ” ಎಂದರು. ನೀಲಗಂಗವ್ವ ಬಂದಾಗ ಅವಳಿಗೇ ಹೇಳಿದರಾಯಿತು ಎಂದುಕೊಂಡೆ. ಪಟ್ಟಿ ಕೊಟ್ಟುಬಿಟ್ಟೆ. ಶೆಡ್ಡು ರಸ್ತೆಯ ಆಚೆ ಬದಿ, ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆ ನಾನು ಹಾಕಲಿಲ್ಲ.

ಮುಂದಿನದ್ದನ್ನು ಸುಗರಾಬಿಯೇ ಆಮೇಲೆ ನನಗೆ ಹೇಳಿದಳು. ಹಲ್ಲುಜ್ಜುವಾಗ ನೀಲಗಂಗವ್ವನ ಒಸಡಿನಿಂದ ರಕ್ತ ಬರತೊಡಗಿತು. ಎಲೆಯಡಿಕೆಯ ಕೆಂಪು ಅಂದುಕೊಂಡರು. ಮೂಗಿನಿಂದ ಬಂತು. ಮೆಣಸಿನಕಾಯಿ ಧೂಳು ಮೂಗು ಕೊರೆದಿದೆ ಅಂದರು, ಶೆಡ್ಡಿನಲ್ಲಿ ಅದು ಎಲ್ಲರಿಗೂ ಆಗುವುದೇ. ತೋಳಿನ ಮೇಲೆ ಬದನೆಕಾಯಿ ಬಣ್ಣದ ಕಲೆ ಎದ್ದವು. ಚೀಲ ತಾಗಿರಬೇಕು ಅಂದರು. ಕೊನೆಗೆ ಮೂತ್ರವೂ ಕೆಂಪಾದಾಗ ಅವಳು ಸುಗರಾಬಿಗೆ ಮಾತ್ರ ಗುಟ್ಟಿನಲ್ಲಿ ಹೇಳಿದಳು. ತೊಟ್ಟು ಮುರಿಯುವ ಹೆಂಗಸರಲ್ಲಿ ಇದಕ್ಕೆ ಒಂದೇ ವಿವರಣೆ, ಖಾರದ ಕಾವು. ಮೈಯೊಳಗೆ ಮೆಣಸಿನಕಾಯಿಯ ಕಾವು ಇಳಿದಿದೆ, ತಂಪು ಮಾಡಬೇಕು. ಸುಗರಾಬಿ ಮನೆಯಿಂದ ತಂಬಿಗೆ ತುಂಬ ಮಜ್ಜಿಗೆ ತಂದಳು, ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದಳು. ನಾಲ್ಕು ಗಂಟೆಗೆ ಚಹಾದ ಬಶಿಯಲ್ಲಿ ಗುಳಿಗೆ ಬೀಳುವುದು ಮಾತ್ರ ನಿಲ್ಲಲಿಲ್ಲ. ಬೇರೆ ಕಡೆಯವರಾಗಿದ್ದರೆ ರಕ್ತ ಕಂಡ ಕೂಡಲೇ ಹೆದರುತ್ತಿದ್ದರು. ಇವರಿಗೆ ಕೆಂಪು ಎಂದರೆ ಭಯವೇ ಇಲ್ಲ, ದಿನವಿಡೀ ಅದರಲ್ಲೇ ಇರುತ್ತಾರೆ.

ಹದಿಮೂರನೆಯ ದಿನ ಮಧ್ಯಾಹ್ನ ನೀಲಗಂಗವ್ವ ರಾಶಿಯ ಮೇಲೆಯೇ ವಾಂತಿ ಮಾಡಿಕೊಂಡು ಬಿದ್ದಳು. ಖಾರ ನೆತ್ತಿಗೇರಿತು, ನೀರು ಕುಡಿಸಿ ಎಂದು ಎಲ್ಲರೂ ಕೂಗಿದರು. ಸುಗರಾಬಿ ಮಾತ್ರ ಅವಳನ್ನು ನಾಲ್ವರ ಕೈಯಲ್ಲಿ ಎತ್ತಿಸಿಕೊಂಡು ನನ್ನ ಅಂಗಡಿಯ ಮುಂದಿನ ಬೆಂಚಿಗೆ ತಂದಳು. ಮಲಗಿಸುವಾಗ ಸೆರಗು ಸರಿಯಿತು. ತೋಳಿನ ಕಲೆಗಳನ್ನು ನೋಡಿದೆ. ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಆಂಬುಲೆನ್ಸ್ ಕರೆಸಿದೆ.

ಶಟರ್ ಎಳೆದು, ಅದರಲ್ಲಿ ಅವಳ ಜೊತೆ ಹಾವೇರಿಗೆ ಹೊರಟೆ. ಸುಗರಾಬಿಯೂ ಹತ್ತಿದಳು. ದಾರಿಯುದ್ದಕ್ಕೂ ಅವಳು ನೀಲಗಂಗವ್ವನ ಪಾದ ತಿಕ್ಕುತ್ತ, ಉರ್ದುವಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದಳು.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅರುಣಾ ಎಂಬ ಹೆಣ್ಣುಮಗಳು ಇದ್ದರು. ಚಿಕ್ಕ ವಯಸ್ಸು, ಕಣ್ಣಿನಲ್ಲಿ ನಿದ್ದೆಗೆಟ್ಟ ಗೆರೆ. ನಾನು ಮುಂದೆ ಹೋಗಿ, ಇವಳಿಗೆ ಲೋಹದ ಕವಾಟ ಇದೆ, ವಾರ್ಫರಿನ್ ನಡೆಯುತ್ತಿದೆ, ಎರಡು ತಿಂಗಳಿಂದ ಪರೀಕ್ಷೆ ಆಗಿಲ್ಲ ಎಂದು ಪಟಪಟ ಹೇಳಿದೆ. ಡಾಕ್ಟರು ನನ್ನ ಕಡೆ ನೋಡಿ, “ಛಲೋ ಆತ್ರಿ ನೀವು ಬಂದಿದ್ದು. ಇದು ಗೊತ್ತಿಲ್ಲದಿದ್ರ ಭಾಳ ಹೊತ್ತು ಹೋಗತಿತ್ತು” ಎಂದರು. ಪಕ್ಕದಲ್ಲಿ ಸುಗರಾಬಿ ಬಾಯಿ ತೆರೆದು ನಿಂತಿದ್ದಳು. ನೀಲಗಂಗವ್ವನ ಎದೆಯೊಳಗಿನ ಗಡಿಯಾರದ ಗುಟ್ಟು ಅವಳಿಗೆ ತಿಳಿದದ್ದು ಆಗಲೇ.

ರಕ್ತದ ವರದಿ ಬಂತು. ರಕ್ತ ಎಷ್ಟು ತೆಳು ಎಂದು ತೋರಿಸುವ ಅಂಕಿ, ಕವಾಟ ಇದ್ದವರಿಗೆ ಮೂರರ ಆಸುಪಾಸು ಇರಬೇಕಾದದ್ದು, ಎಂಟನ್ನು ದಾಟಿತ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರು. ಡಾಕ್ಟರು ಕೇಳಿದರು, “ಬ್ಯಾರೆ ಗುಳಿಗಿ ಏನರ ತಗೋತಿದ್ರೇನು? ನೋವಿಂದು?”

ನಾನು ವರದಿಯ ಹಾಳೆಯನ್ನು ಮತ್ತೊಮ್ಮೆ ಓದತೊಡಗಿದೆ.

ಸುಗರಾಬಿ ಸಂಚಿ ಬಿಚ್ಚಿದಳು. ಅವಸರದಲ್ಲಿ ಅಡಿಕೆ ನೆಲಕ್ಕೆ ಚೆಲ್ಲಿತು. ಕತ್ತರಿಸಿ ಕತ್ತರಿಸಿ ಉಳಿದಿದ್ದ, ಒಂದೇ ಒಂದು ಗುಳಿಗೆಯಿದ್ದ ಪಟ್ಟಿಯ ತುಂಡನ್ನು ಅಂಗೈಯಲ್ಲಿಟ್ಟು ಚಾಚಿದಳು. “ನಾನ ಕೊಟ್ಟೇನ್ರಿ. ದಿನಾ ಒಂದು. ಹದಿಮೂರು ದಿನ. ಆಕಿ ಒಲ್ಲೆ ಅಂದ್ರೂ ಕೊಟ್ಟೇನಿ.”

ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿದರು. ಹೆಸರು ಕತ್ತರಿಸಿ ಹೋಗಿತ್ತು. “ಯಾವುದಿದು? ಆಸ್ಪಿರಿನ್ ಇದ್ರ ಒಂದು ರೀತಿ, ಬ್ಯಾರೆ ಇದ್ರ ಒಂದು ರೀತಿ. ನನಗ ಹೆಸರು ಬೇಕು. ಎಲ್ಲಿ ತಗೊಂಡಿ?”

ಸುಗರಾಬಿ ನನ್ನ ಕಡೆ ನೋಡಿದಳು. ಬೊಟ್ಟು ಮಾಡಿ ತೋರಿಸಲಿಲ್ಲ, ಸುಮ್ಮನೆ ನೋಡಿದಳು. ನಾನು ಗೋಡೆಯ ಮೇಲಿದ್ದ ತಾಯಿ ಮಗುವಿನ ಚಿತ್ರ ನೋಡತೊಡಗಿದೆ.

“ಸಂತ್ಯಾಗ ತಗೊಂಡಿದ್ದೆ ರೀ,” ಎಂದಳು ಅವಳು. “ಯಾರಂತ ನೆನಪಿಲ್ಲ.”

“ಚೀಟಿ ಇಲ್ಲದ ಕೊಡವರ್ನ ಹಿಡದು ಒಳಗ ಹಾಕಬೇಕು,” ಎಂದರು ಡಾಕ್ಟರು.

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. “ತಡೀರಿ, ಸಂತಿಗೆ ಗುಳಿಗಿ ಕೊಡೋ ನಮ್ಮೂರ ಅಂಗಡಿಯವರಿಗೆ ಫೋನ್ ಹಚ್ಚಿ ಕೇಳತೇನಿ” ಎಂದೆ. ಹೊರಗಿನ ಪಡಸಾಲೆಗೆ ಹೋಗಿ ಫೋನನ್ನು ಕಿವಿಗೆ ಹಿಡಿದೆ. ಯಾರಿಗೂ ಹಚ್ಚಿರಲಿಲ್ಲ. ಸುಮ್ಮನೆ “ಹೂಂ, ಹೂಂ, ಹೌದೇನು” ಅಂದೆ. ಐವತ್ತೈದು ವರ್ಷದ ಗಂಡಸು, ಕತ್ತಲಾದ ಫೋನಿನೊಂದಿಗೆ ಮಾತಾಡಿದೆ. ಒಳಗೆ ಬಂದು, “ಡೈಕ್ಲೋಫೆನಾಕ್ ಅಂತ ರೀ” ಎಂದೆ. ಡಾಕ್ಟರು, “ಥ್ಯಾಂಕ್ಸ್ ರೀ, ಭಾಳ ಉಪಕಾರ ಆತು” ಎಂದು ಓಡಿದರು. ಶೆಡ್ಡಿನ ಎದುರು ಇರುವ ಔಷಧಿ ಅಂಗಡಿ ಒಂದೇ, ಅದು ನನ್ನದು, ಅದರ ಶಟರ್ ಎಳೆದಿದೆ, ಅಲ್ಲಿ ನಾನೊಬ್ಬನೇ ಇರುವವನು. ಇದಿಷ್ಟೂ ಸುಗರಾಬಿಗೆ ಗೊತ್ತು. ಅವಳು ನೆಲಕ್ಕೆ ಬಿದ್ದ ಅಡಿಕೆ ಆರಿಸುತ್ತಿದ್ದಳು.

ಕಾಗಿನೆಲೆಯಿಂದ ನೀಲಗಂಗವ್ವನ ಗಂಡ ವಿರೂಪಾಕ್ಷಪ್ಪ ಬರುವಷ್ಟರಲ್ಲಿ ರಕ್ತದ ಬಾಟಲಿ ಏರಿಸಿದ್ದರು. ಡಾಕ್ಟರು ಅವನಿಗೆ ತಿಳಿಸಿ ಹೇಳಿದರು. ನೋವಿನ ಗುಳಿಗೆ ಹೊಟ್ಟೆಯ ಒಳಪದರಕ್ಕೆ ಗಾಯ ಮಾಡಿದೆ, ರಕ್ತ ತೆಳುವಾದ್ದರಿಂದ ಆ ಗಾಯ ತಾನಾಗಿ ಮುಚ್ಚುತ್ತಿಲ್ಲ. ರಕ್ತ ಗಟ್ಟಿಯಾಗಲು ಔಷಧ ಕೊಡಬೇಕು, ಹೆಚ್ಚು ಕೊಟ್ಟರೆ ಕವಾಟದ ಮೇಲೆ ಹೆಪ್ಪುಗಟ್ಟುತ್ತದೆ. ಎರಡು ದಿನ ಏನೂ ಹೇಳಲು ಬರುವುದಿಲ್ಲ ಎಂದರು.

ವಿರೂಪಾಕ್ಷಪ್ಪ ನೇರ ಸುಗರಾಬಿಯ ಮುಂದೆ ಹೋಗಿ ನಿಂತ. “ಡಾಕ್ಟರಕಿ ಮಾಡಾಕ ಹೊಂಟಿದ್ದೇನು ನೀ? ನನ್ನ ಹೇಣ್ತಿ ಜೀವಾ ತಗದೆಲ್ಲ!”

“ತಪ್ಪಾತು ಅಣ್ಣಾ,” ಎಂದಳು ಸುಗರಾಬಿ. ತಲೆ ಮೇಲೆತ್ತಲಿಲ್ಲ. ಯಾವತ್ತೂ ಒಂದಕ್ಕೆ ಎರಡು ಆಡುವ ಹೆಂಗಸು.

ನಾನು ಏನು ಮಾಡಿದೆ ಗೊತ್ತೇ? ಅವನಿಗೆ ನೀರಿನ ಬಾಟಲಿ ಕೊಟ್ಟು, “ಸಮಾಧಾನ ಮಾಡಿಕೋರಿ” ಎಂದೆ. ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನು ಕೈ ಬಿಡಿಸಿಕೊಳ್ಳಲೂ ಇಲ್ಲ.

ನೀಲಗಂಗವ್ವ ಬದುಕಿದಳು. ಹನ್ನೊಂದು ದಿನ ಹಾವೇರಿಯಲ್ಲಿದ್ದು ಮನೆಗೆ ಹೋದಳು. ಸುಗರಾಬಿಯನ್ನು ಶೆಡ್ಡಿನಿಂದ ಯಾರೂ ತೆಗೆಯಲಿಲ್ಲ. ಆದರೆ ಅವಳ ಸಂಚಿಯ ಎಲೆಗೆ ಯಾರೂ ಕೈ ಚಾಚದಾದರು. ನಾಲ್ಕು ಗಂಟೆಗೆ ಚಹಾ ಬಂದರೆ ಎಲ್ಲರೂ ಒಂದು ಕಡೆ, ಅವಳೊಬ್ಬಳು ಕಂಬದ ಬುಡದಲ್ಲಿ. ಎಲೆ ಹಂಚಿ ತಿನ್ನದ ಹೆಂಗಸರ ನಡುವೆ ಕೆಲಸ ಮಾಡುವುದು ಎಂಥ ಶಿಕ್ಷೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನನ್ನ ದುಡ್ಡಿನ ಗಲ್ಲೆಯ ಹಿಂದೆ ಕೂತರೆ ಇದೆಲ್ಲ ನೇರ ಕಾಣುತ್ತಿತ್ತು. ನಾನು ಕುರ್ಚಿಯನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡೆ. ಒಂದು ದಿನ ಗಿರಾಕಿಯೊಬ್ಬ, “ಏನ್ರಿ, ನಿಮ್ಮ ಡಾಕ್ಟರಮ್ಮನ ದವಾಖಾನಿ ಬಂದ್ ಆತಂತ?” ಎಂದು ಕಿಸಕ್ಕನೆ ನಕ್ಕ. ನಾನೂ ನಕ್ಕೆ. ನನ್ನ ಬಾಳಿನಲ್ಲಿ ನಾಚಿಕೆಗೇಡಿನ ಕೆಲಸ ಬಹಳ ಮಾಡಿದ್ದೇನೆ, ಆ ನಗುವಿನಷ್ಟು ನನ್ನನ್ನು ಚುಚ್ಚಿದ್ದು ಇನ್ನೊಂದಿಲ್ಲ.

ಅಷ್ಟು ದಿನದಲ್ಲಿ ಸುಗರಾಬಿ ನನ್ನ ಅಂಗಡಿಗೆ ಬಂದದ್ದು ಒಂದೇ ಸಲ. ಆಗಲೇ ಮಜ್ಜಿಗೆಯ ಕತೆ, ಖಾರದ ಕಾವಿನ ಕತೆ ಎಲ್ಲ ಹೇಳಿದಳು. ಕೊನೆಗೆ, “ಕೆಂಪು ಅಂದ್ರ ಮೆಣಸಿನಕಾಯಿ ಅಂತ ತಿಳಕೊಂಡೆ ರೀ. ನಾ ಶಾಣ್ಯಾಕಿ ಅಂದ್ಕೊಂಡಿದ್ದೆ” ಎಂದಳು. ಸ್ವಲ್ಪ ಹೊತ್ತು ನಿಂತಳು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಾಳೆ ಎಂದು ತಿಳಿದರೂ ನಾನು ಲೆಕ್ಕದ ಪುಸ್ತಕದ ಹಾಳೆ ತಿರುವುತ್ತ ಕೂತೆ.

ಏಪ್ರಿಲ್ ಮೊದಲ ವಾರ ನೀಲಗಂಗವ್ವ ಬಂದಳು. ಮುಖ ಬಿಳಿಚಿಕೊಂಡಿತ್ತು, ನಡೆ ನಿಧಾನ. ರಾಣೆಬೆನ್ನೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಅಲ್ಲಿಂದಲೇ ಬಂದಿದ್ದಳು. ಅವಳನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದಿದ್ದವಳು ಸುಗರಾಬಿ. ಆದರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ಬೆನ್ನು ತಿರುಗಿಸಿ ಕೂತಳು. ಗಲ್ಲೆಯ ಮುಂದೆ ನಾಲ್ಕು ಜನ ಇದ್ದರು, ಇಬ್ಬರು ಶೆಡ್ಡಿನ ಹೆಂಗಸರೇ.

ನೀಲಗಂಗವ್ವ ಚೀಲದಿಂದ ಔಷಧದ ಚೀಟಿ, ಅದರ ಜೊತೆ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. “ಶೇಂಗಾ ಉಂಡಿ ರೀ, ನಾನ ಕಟ್ಟೇನಿ. ಅವತ್ತ ನೀವು ಫೋನ್ ಹಚ್ಚಿ ಗುಳಿಗಿ ಹೆಸರ ಕೇಳಿ ಹೇಳಿದ್ರಂತ. ಹಾವೇರಿ ಡಾಕ್ಟರಮ್ಮಾರು ಅಂದ್ರು, ಆ ಮನಷ್ಯಾ ಇರಲಿಲ್ಲಂದ್ರ ನೀ ಉಳೀತಿರಲಿಲ್ಲ ಅಂತ. ನೀವು ನನ್ನ ಪಾಲಿನ ದೇವರಾದ್ರಿ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿಯ ಮುಚ್ಚಳ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಮುಟ್ಟಲು ನನಗೆ ಆಗಲಿಲ್ಲ.

“ನೀಲಗಂಗವ್ವ, ನಾ ಯಾರಿಗೂ ಫೋನ್ ಹಚ್ಚಿರಲಿಲ್ಲ,” ಎಂದೆ. “ಆ ಗುಳಿಗಿ ಕೊಟ್ಟಾಂವ ನಾನ. ಹತ್ತು ವರ್ಷದಿಂದ ಸುಗರಾಬಿಗೆ ಕೊಡತಾ ಬಂದೇನಿ. ನಿನಗೂ ಕೊಡಾಕತ್ತೇನಿ ಅಂತ ಆಕಿ ಇಲ್ಲೇ ನಿಂತು ಹೇಳಿದ್ಲು. ನಿನಗ ಅದು ವಿಷಾ ಅಂತ ನನಗ ಗೊತ್ತಿತ್ತು, ಆಕಿಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡೂ ಕೊಟ್ಟೆ. ದವಾಖಾನ್ಯಾಗ ಆಕಿ ನನ್ನ ಹೆಸರ ಹೇಳಲಿಲ್ಲ. ನಾನೂ ಹೇಳಲಿಲ್ಲ.”

ಶೆಡ್ಡಿನ ಇಬ್ಬರು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನೀಲಗಂಗವ್ವ ಗಲ್ಲೆಗೆ ಇನ್ನೂ ಹತ್ತಿರ ಬಂದಳು. ಅಷ್ಟು ಹತ್ತಿರದಿಂದ ಅವಳ ಎದೆಯ ಸಣ್ಣ ಟಿಕ್ ಟಿಕ್ ನನಗೆ ಕೇಳಿಸಿತು. ಆಮೇಲೆ ಅವಳು ಕೈ ಚಾಚಿ ಡಬ್ಬಿಯನ್ನು ವಾಪಸ್ ತೆಗೆದುಕೊಂಡಳು. ನಿಧಾನಕ್ಕೆ ಮೆಟ್ಟಿಲು ಇಳಿದು, ಬೆನ್ನು ತಿರುಗಿಸಿ ಕೂತಿದ್ದ ಸುಗರಾಬಿಯ ಉಡಿಯಲ್ಲಿ ಇಟ್ಟಳು. ತಾನೂ ಅಲ್ಲೇ ಪಕ್ಕಕ್ಕೆ ಕೂತು, “ಎಲಿ ಕೊಡು, ಬಾಯಿ ಬ್ಯಾಸರಾಗೈತಿ” ಎಂದಳು.

ಸುಗರಾಬಿ ಸಂಚಿ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚುವಾಗ ಅವಳ ಭುಜ ಅಲುಗುತ್ತಿದ್ದದ್ದು ಕಂಡಿತು. ಎಲೆ ಕೊಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

“ವಿಜಯಪ್ಪಾರ,” ಎಂದಳು, “ಅವತ್ತ ಹಚ್ಚಿದ ಫೋನಿನ ಲೈನ್ ಇವತ್ತ ಹತ್ತಿತೇನ್ರಿ?”

ನೀಲಗಂಗವ್ವನ ಚೀಟಿ ಗಲ್ಲೆಯ ಮೇಲೆಯೇ ಇತ್ತು. ಅವಳ ಗುಳಿಗೆ ತೆಗೆದು, ಎರಡು ಸಲ ಹೆಸರು ಓದಿ, ನಾನೇ ಮೆಟ್ಟಿಲು ಇಳಿದು ಹೋಗಿ ಕೊಟ್ಟೆ. ಅವಳು ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.